ನೆಲಕ್ಕೆ ಬಿಸಿ ತಾಗದ ಹಾಗೆ

ಹಳೆಯ ಹೆರಿಗೆಮನೆಯ ತೊಟ್ಟಿಲಿಗೆ ಗಾಲಿಯಿತ್ತು.
ಕೈ ಬಿಟ್ಟರೆ ಸಾಕು, ಉರುಳುತ್ತಿತ್ತು
ಒಲೆಯ ಮೂಲೆಗೆ, ಪ್ರತಿಸಲ ಅಲ್ಲಿಗೇ.
ಕೂಸುಗಳಿಗೆ ಬೆಂಕಿ ಇಷ್ಟ ಎಂದು ನಗುತ್ತಿದ್ದರು
ಮೊದಲೆರಡು ವರ್ಷ.
ಮೂರನೆಯ ವರ್ಷ ಬಾಗಿಲು ಮುಚ್ಚಲಿಲ್ಲ.
ಸೂಲಗಿತ್ತಿ ಓಗ್ದೋ ಗಾಲಿಗೊಂದು ಸೌದೆಚೂರು ಒತ್ತಿ
ಅರ್ಜಿ ಬರೆದಳು.

ಮಾರ್ಚ್ ಕೊನೆಗೆ, ಹೆಪ್ಪುಗಟ್ಟಿದ ಆಮ್ಗಾ ನದಿಯ
ನೀರ ಮೇಲೆಯೇ ಲಾರಿ ಹೊಡೆದುಕೊಂಡು
ಮೂವರು ಬಂದೆವು: ಕೊರೆಯುವ ಯಂತ್ರ,
ಯಂತ್ರದೊಡನೆ ಮಾತ್ರ ಮಾತಾಡುವ ದ್ಯುಲುಸ್ತಾನ್,
ಬರೆದುಕೊಳ್ಳಲು ನಾನು, ಕ್ಯುನ್ನೆಯ್.
ಸೂರ್ಯನ ಹೆಸರಿಟ್ಟಿದ್ದಾರೆ ನನಗೆ,
ಕೆಲಸ ಸೂರ್ಯ ಹೋಗದ ಕಡೆ.

ಮೊದಲು ಓಗ್ದೋ ಸಣ್ಣ ಬೆಂಕಿ ಮಾಡಿ
ಬೆಣ್ಣೆ ಸವರಿದ ದೋಸೆಯ ಚೂರು ಹಾಕಿ
ನೆಲದೊಡತಿಗೆ ಏನೋ ಹೇಳಿದಳು.
ದ್ಯುಲುಸ್ತಾನ್ ಟೊಪ್ಪಿ ತೆಗೆದ.
ಮೈನಸ್ ಇಪ್ಪತ್ತಾರರಲ್ಲಿ
ಅದಕ್ಕಿಂತ ದೊಡ್ಡ ಪ್ರಾರ್ಥನೆ ನಾನು ಕಂಡಿಲ್ಲ.

ಒಂದನೆಯ ಕೊಳವೆ ಒಳ್ಳೆಯದು. ಎರಡನೆಯದೂ.
ಮೂರನೆಯದು, ಬರೆದದ್ದನ್ನೇ ಓದುತ್ತೇನೆ:

ಅರ್ಧ ಮೀಟರ್. ಹುಲ್ಲು, ಬೇರು, ಕಪ್ಪು ಮಣ್ಣು.
ಒಂದೂಕಾಲು. ಜೇಡಿ. ಬೇಸಿಗೆ ಇಳಿಯುವುದು ಇಲ್ಲಿಯವರೆಗೆ.
ಎರಡು. ಬೂದು ಹೂಳು, ಗಟ್ಟಿ, ನಡುನಡುವೆ ಕೂದಲೆಳೆಯ ಬಿಳಿ ಗೆರೆ.
ಎರಡೂವರೆ. ಮಂಜುಗಡ್ಡೆ.
ಮೂರು. ಮಂಜುಗಡ್ಡೆ.
ನಾಲ್ಕು. ಮಂಜುಗಡ್ಡೆ, ಕಂದು, ಒಳಗೆ ಗುಳ್ಳೆ.
ಐದು.
ಆರು.
ಏಳು. ದ್ಯುಲುಸ್ತಾನ್ ಬೈದದ್ದನ್ನು ಬರೆದಿಲ್ಲ.
ಎಂಟು. ಮರಳು ಬೆರೆತ ಹೂಳು. ಬಿಗಿ.
ಹತ್ತರಲ್ಲಿ ಉಷ್ಣಮಾಪಕ ಇಳಿಬಿಟ್ಟು ಎರಡು ದಿನ ಕಾದೆವು:
ಮೈನಸ್ ಒಂದೂವರೆ.

ನೆಲ ಅಂದುಕೊಂಡದ್ದು ನೀರು.
ತಾನು ನೀರೆಂದು ಇನ್ನೂ ನೆನಪಾಗದ ನೀರು.

ರಾತ್ರಿ ಓಗ್ದೋಳ ಮೇಜಿನ ಮೇಲೆ ನಕ್ಷೆ,
ಸುರುಳಿಯಾಗದಂತೆ ಮೂಲೆಗೊಂದು ಸಕ್ಕರೆ ಡಬ್ಬಿ.
ಜಲ್ಲಿ ಹಾಸಿ ಮೇಲೆ ಕಾಂಕ್ರೀಟು ಚಪ್ಪಡಿ? ಅಗ್ಗ.
ಆದರೆ ಒಲೆ ಉರಿದಷ್ಟೂ ಅಡಿಯಲ್ಲಿ ಒಂದು ಬೋಗುಣಿ ಕರಗುತ್ತದೆ,
ನಿನ್ನ ತೊಟ್ಟಿಲು ಮತ್ತೆ ಹೊರಡುತ್ತದೆ.
ಅಗೆದು ತೆಗೆಯುವುದೆ? ಅಷ್ಟು ದೊಡ್ಡ ಹೊಂಡಕ್ಕೆ
ಏನು ತುಂಬೋಣ, ಯಾರ ದುಡ್ಡಲ್ಲಿ?
ಪೈನ್ ದಿಬ್ಬದ ಮರಳು ಚಿನ್ನದಂಥದು, ಅಂದೆ.
"ನಾಲ್ಕು ಕಿಲೋಮೀಟರು," ಅಂದಳು.
"ಹೆರಿಗೆ ನೋವಿಗೆ ಹಾಗೆಂದು ಹೇಳಿ ನೋಡು."

ಉಳಿದದ್ದು ಕಂಬ.
ಗಡ್ಡೆಯನ್ನು ಹಾಯ್ದು ಬಿಗಿ ಹೂಳಲ್ಲಿ ಕಾಲೂರಿ,
ಸುತ್ತ ಕೆಸರು ಸುರಿದು, ಒಂದಿಡೀ ಚಳಿಗಾಲ ಮುಟ್ಟದೆ ಬಿಡಬೇಕು,
ನೆಲವೇ ಕಚ್ಚಿ ಹಿಡಿಯುವ ತನಕ.
ಮನೆ ಒಂದೂವರೆ ಮೀಟರ್ ಮೇಲೆ.
ನಡುವೆ ಏನೂ ಇಲ್ಲ.

"ಬಾಣಂತಿಯ ಬೆನ್ನಡಿಗೆ ಜನವರಿಯ ಗಾಳಿ ಬಿಡುತ್ತೀಯಾ?"
ಹೌದು. ಅಲ್ಲಿ ಸೌದೆ ಒಟ್ಟಬೇಡ. ಕರು ಕಟ್ಟಬೇಡ.
ಪಾತ್ರೆ ತೊಳೆದ ನೀರು ಚೆಲ್ಲಬೇಡ.
ಹಿಮ ಗುಡ್ಡೆಯಾದರೆ ಗೋರಿ ತೆಗೆ, ಹಿಮವೂ ಕಂಬಳಿಯೇ.

ಅವಳು ಚಹಾ ಬಗ್ಗಿಸುವುದನ್ನು ನಿಲ್ಲಿಸಿದಳು.
"ಜ್ವರದ ಕೂಸಿಗೂ ಹೀಗೇ,
ಹೊದಿಕೆ ಸರಿಸಿ ಗಾಳಿಗೆ ಬಿಡುತ್ತೇವೆ."
ಆಮೇಲೆ, ಸೂಲಗಿತ್ತಿಯ ದನಿಯಲ್ಲೇ,
"ಈಗ ಎಷ್ಟಿದೆ?"
ಮೈನಸ್ ಒಂದೂವರೆ.
"ಶಾಲೆ ಕಟ್ಟಿದಾಗ?"
ಹಳೆಯ ಕಡತದಲ್ಲಿ, ಮೈನಸ್ ಮೂರು.

ದ್ಯುಲುಸ್ತಾನ್ ಕೂತಲ್ಲೇ ನಿದ್ದೆ ಹೋಗಿದ್ದ.
ನನ್ನ ನಮೂನೆಯಲ್ಲಿ 'ಬಾಳಿಕೆ: ಐವತ್ತು ವರ್ಷ'
ಮೊದಲೇ ಅಚ್ಚಾಗಿದೆ, ಸಹಿಗೆ ಮಾತ್ರ ಜಾಗ.
ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಕೊನೆಗೆ ಅಂಚಿನಲ್ಲಿ ಬರೆದೆ:
ಪ್ರತಿ ಸೆಪ್ಟೆಂಬರಿನಲ್ಲಿ ಅಳೆಯತಕ್ಕದ್ದು.
ಯಾರು, ಎಂದು ಬರೆಯಲಿಲ್ಲ.

ಓಗ್ದೋ ಒಳಗಿಂದ ಹೆರಿಗೆಯ ದಪ್ಪ ಪುಸ್ತಕ ತಂದಳು.
ಹೊತ್ತು, ತೂಕ, ತಾಯಿಯ ಹೆಸರು.
ಬ್ರೆಡ್ಡಿನ ಚಾಕುವನ್ನೇ ಅಡ್ಡಪಟ್ಟಿ ಮಾಡಿ
ಪಕ್ಕಕ್ಕೊಂದು ಗೆರೆ ಎಳೆದು
ಮೇಲೆ ಬರೆದಳು: ನೆಲ.